ನೋಡದೆ ಹೇಳಿದ ಸಾಕ್ಷಿ

ಈ ಮಾತು ನಮ್ಮ ಯುವಕೂಟದಲ್ಲಿ ಎದ್ದದ್ದು ಒಬ್ಬ ಹುಡುಗನ ಫೋನಿನಿಂದ. ಡಿಗ್ರಿ ಓದುತ್ತಿರುವವನು. ಅಪರಿಚಿತ ನಂಬರಿನಿಂದ ಅವನಿಗೊಂದು ಮೆಸೇಜು ಬಂದಿತ್ತು: ಮನೆಯಲ್ಲೇ ಕೂತು ಮಾಡುವ ಕೆಲಸ, ಹೇಳಿದ ಅಂಗಡಿ, ಹೋಟೆಲುಗಳಿಗೆ ಮ್ಯಾಪಿನಲ್ಲಿ ಐದು ಸ್ಟಾರ್ ಒತ್ತಿ ನಾಲ್ಕು ಸಾಲು ಬರೆದರೆ ಒಂದಕ್ಕೆ 50 ರೂಪಾಯಿ. ಬರೆಯಬೇಕಾದ ಸಾಲುಗಳನ್ನೂ ಅವರೇ ಕಳಿಸುತ್ತಿದ್ದರು. ಮಡಕಶಿರಾ, ಹಿಂದೂಪುರ ದಾಟಿ ಹೋಗಿದ್ದೇ ಅಪರೂಪವಾದ ಈ ಹುಡುಗ ಎರಡು ವಾರದಲ್ಲಿ ಜೈಪುರದ ಹೋಟೆಲಿನ ಊಟವನ್ನು ಹೊಗಳಿದ, ಪುಣೆಯ ಕಾರ್ ಶೋರೂಮನ್ನು ಹೊಗಳಿದ, ಎಲ್ಲೋ ದೂರದ ಊರಿನ ಒಂದು ನರ್ಸಿಂಗ್ ಹೋಮನ್ನೂ ಹೊಗಳಿದ.

ಮೊದಮೊದಲು ದುಡ್ಡು ಬಂತು. ಆಮೇಲೆ ದೊಡ್ಡ ಕೆಲಸಕ್ಕೆ ಮುಂಗಡ ಕಟ್ಟಬೇಕೆಂದರು. ಇವನು 6,000 ಕಟ್ಟಿದ, ಗುಂಪೇ ಮಾಯವಾಯಿತು. ಇಂಥದ್ದು ಆದ ತಕ್ಷಣ 1930ಕ್ಕೆ ಕರೆ ಮಾಡಬೇಕು. ಇವನು ನಾಚಿಕೆಯಿಂದ ಮೂರು ದಿನ ಬಾಯೇ ಬಿಡಲಿಲ್ಲ.

ನಾವೆಲ್ಲ ಹೋದ ದುಡ್ಡಿಗಾಗಿ ಮರುಗುತ್ತಿದ್ದಾಗ ನರ್ಸಿಂಗ್ ಓದುವ ಹುಡುಗಿಯೊಬ್ಬಳು ಕೇಳಿದಳು: "ಅದೆಲ್ಲ ಸರಿ, ಆ ನರ್ಸಿಂಗ್ ಹೋಮ್ ನೀನು ನೋಡಿದ್ದೀಯಾ?" ಅವನ ಉತ್ತರ ಹೀಗಿತ್ತು: "ನಾನೊಬ್ಬ ಬರೆದರೆ ಏನಾಗುತ್ತೆ ಅಕ್ಕ? ನೆಟ್‌ನಲ್ಲಿರೋದೆಲ್ಲ ಸುಳ್ಳೇ ಅಂತ ಎಲ್ಲರಿಗೂ ಗೊತ್ತಲ್ವಾ."

ಈ ಉತ್ತರವನ್ನು ನಾವು ಸುಲಭವಾಗಿ ಬಿಡಲಿಲ್ಲ. ಯಾರೂ ನಂಬದಿದ್ದರೆ ಆ ನಾಲ್ಕು ಸಾಲಿಗೆ 50 ರೂಪಾಯಿ ಕೊಡುವವರಾರು? ಜನ ಇನ್ನೂ ನಂಬುತ್ತಾರೆ ಎಂಬುದಕ್ಕೇ ಆ ಬೆಲೆ. ಅವನೂ ತನ್ನ ಇಯರ್‌ಫೋನ್ ತೆಗೆದುಕೊಂಡಿದ್ದು ಸ್ಟಾರ್ ಎಣಿಸಿಯೇ!

ತಪಸ್ಸುಕಾಲದ ಐದನೆಯ ವಾರದ ಸೋಮವಾರ ಬಲಿಪೂಜೆಯಲ್ಲಿ ಸುಸನ್ನಳ ಕತೆ ಓದುತ್ತೇವೆ, ದಾನಿಯೇಲನ ಗ್ರಂಥದ 13ನೆಯ ಅಧ್ಯಾಯ. (ನಮ್ಮ ಸಿ.ಎಸ್.ಐ. ಸ್ನೇಹಿತರ ಬೈಬಲಿನಲ್ಲಿ ಈ ಅಧ್ಯಾಯ ಇಲ್ಲ, ಅವರಿಗೆ ಓದಲು ಕೊಡಿ.) ಇಬ್ಬರು ಹಿರಿಯರು, ಅದೂ ನ್ಯಾಯಾಧೀಶರು, ನಿರಪರಾಧಿ ಹೆಣ್ಣೊಬ್ಬಳ ಮೇಲೆ ವ್ಯಭಿಚಾರದ ಆರೋಪ ಹೊರಿಸುತ್ತಾರೆ. ಮೋಶೆಯ ಧರ್ಮಶಾಸ್ತ್ರ ಕೇಳುವುದು ಎರಡು ಸಾಕ್ಷಿ; ಇಲ್ಲಿ ಎರಡೂ ಇವೆ, ಎರಡೂ ಗೌರವಸ್ಥರವು. ಸಭೆಯೆಲ್ಲ ನಂಬಿತು, ಮರಣದಂಡನೆಯೂ ಆಯಿತು. ಆಗ ಯುವಕ ದಾನಿಯೇಲ ಇಬ್ಬರನ್ನೂ ಬೇರೆ ಬೇರೆ ಕರೆದು ಕೇಳಿದ್ದು ಒಂದೇ ಪ್ರಶ್ನೆ: ಯಾವ ಮರದ ಕೆಳಗೆ ನೋಡಿದೆ? ಒಬ್ಬ ಒಂದು ಮರ ಹೇಳಿದ, ಇನ್ನೊಬ್ಬ ಮತ್ತೊಂದು.

ಸಾಕ್ಷಿ ಎಂಬ ಮಾತಿನಲ್ಲೇ 'ಅಕ್ಷಿ' ಇದೆ, ಅಂದರೆ ಕಣ್ಣು. ಕಣ್ಣಾರೆ ಕಂಡವನಿಗೆ ಮರ ಗೊತ್ತಿರುತ್ತದೆ. ನಮ್ಮ ಹುಡುಗ ಹಾಕಿದ್ದ ಸಾಲುಗಳನ್ನು ಓದಿ ನೋಡಿದೆವು. "ಅದ್ಭುತ ಅನುಭವ. ಸ್ನೇಹಪರ ಸಿಬ್ಬಂದಿ. ಹೆಚ್ಚು ಶಿಫಾರಸು ಮಾಡಲಾಗಿದೆ." ಇಂಗ್ಲಿಷಿನಲ್ಲಿ ಬಂದದ್ದನ್ನು ಫೋನಿನಿಂದಲೇ ಕನ್ನಡ ಮಾಡಿದ್ದ. ಗುಡಿಬಂಡೆಯಲ್ಲಿ ಕನ್ನಡದಲ್ಲಾಗಲಿ ತೆಲುಗಿನಲ್ಲಾಗಲಿ ಯಾರೂ ಹೀಗೆ ಮಾತಾಡುವುದಿಲ್ಲ. ಊಟದಲ್ಲಿ ಏನಿತ್ತು, ಯಾರು ಬಡಿಸಿದರು, ಎಷ್ಟು ಹೊತ್ತು ಕಾದೆವು, ಒಂದೂ ಇಲ್ಲ. ಮರವೇ ಇಲ್ಲದ ಸಾಕ್ಷಿ.

ಹಾಗಾದರೆ ಯಾವುದನ್ನೂ ನಂಬಬಾರದೆ? ಹಿಂದೂಪುರದ ಗೂಡಿನ ಮಾರುಕಟ್ಟೆಯಲ್ಲಿ ರೀಲರ್ ರಾಶಿಗೆ ಕೈಹಾಕಿ, ಒಂದೆರಡು ಗೂಡು ಕಿವಿಯ ಹತ್ತಿರ ಅಲುಗಾಡಿಸಿ ಬೆಲೆ ಹೇಳುತ್ತಾನೆ. ಬದುಕಿನಲ್ಲಿ ಎಲ್ಲವನ್ನೂ ಹಾಗೆ ಅಲುಗಾಡಿಸಿ ನೋಡಲಾಗುವುದಿಲ್ಲ. ನಮ್ಮ ವಿಶ್ವಾಸವೇ ಕಂಡವರ ಮಾತಿನ ಮೇಲೆ ನಿಂತದ್ದು. ಸಂತ ತೋಮನಿಗೆ ಪ್ರಭು ಗಾಯಗಳನ್ನು ತೋರಿಸಿದರು, ಕಾಣದೆ ನಂಬುವವರನ್ನು ಧನ್ಯರೆಂದರು. ಕಾಣದೆ ನಂಬುವವರಿದ್ದಾರೆ ಎಂದಮೇಲೆ ಕಂಡೆನೆನ್ನುವವನ ಹೊರೆ ದೊಡ್ಡದು. ಆ ಹೊರೆಯನ್ನು ಪ್ರಾಣ ಕೊಟ್ಟು ಹೊತ್ತವರನ್ನೇ ನಾವು ರಕ್ತಸಾಕ್ಷಿಗಳು ಎನ್ನುತ್ತೇವೆ.

ಸರ್ಕಾರ ಸುಮ್ಮನಿಲ್ಲ. ಆನ್‌ಲೈನ್ ವಿಮರ್ಶೆಗಳಿಗಾಗಿ 2022ರ ನವೆಂಬರಿನಲ್ಲಿ ಭಾರತೀಯ ಮಾನಕ ಬ್ಯೂರೋದ ಐಎಸ್ 19000 ಎಂಬ ಮಾನದಂಡ ಬಂತು. ಅಮೆರಿಕದಲ್ಲಿ 2024ರಿಂದ ಸುಳ್ಳು ವಿಮರ್ಶೆ ಮಾರುವುದನ್ನೂ ಕೊಳ್ಳುವುದನ್ನೂ ನಿಷೇಧಿಸುವ ನಿಯಮ ಇದೆ. ಅದು ದುಡ್ಡಿನ ಸುಳ್ಳಿಗಾಯಿತು. ಪ್ರೀತಿಯ ಸುಳ್ಳಿಗೆ?

ಇಲ್ಲಿ ನಾವೇ ಸಿಕ್ಕಿಬಿದ್ದೆವು. ನಮ್ಮ ಧರ್ಮಕೇಂದ್ರದ ಆಂಟಿಯೊಬ್ಬರು ಟಿಫಿನ್ ಸೆಂಟರ್ ತೆರೆದ ದಿನ ಸಂಜೆ ಯುವಕೂಟದ ಹದಿನಾಲ್ಕು ಜನ ಐದೈದು ಸ್ಟಾರ್ ಒತ್ತಿದ್ದೆವು. ಅರ್ಧ ಜನ ಅಲ್ಲಿ ಒಂದು ಇಡ್ಲಿಯನ್ನೂ ತಿಂದಿರಲಿಲ್ಲ. ನಾವು ಇರುವುದೇ ನಾಲ್ಕು ಮನೆ, ನಮ್ಮವರಿಗೆ ನಾವಲ್ಲದೆ ಇನ್ಯಾರು ಎಂದುಕೊಂಡಿದ್ದೆವು. ಈ ವಾದ ನಮ್ಮಲ್ಲಿ ಇಂದಿಗೂ ಪೂರ್ತಿ ಮುಗಿದಿಲ್ಲ. ಆದರೆ ಅದೇ ಬೀದಿಯಲ್ಲಿ ವರ್ಷಗಟ್ಟಲೆಯಿಂದ ದೋಸೆ ಹಾಕುವ ಅಜ್ಜಿಗೆ ಮ್ಯಾಪಿನಲ್ಲಿ ಹೆಸರೇ ಇಲ್ಲ. ಹೊರಗಿನಿಂದ ಬಂದವರು ನಮ್ಮ ಸ್ಟಾರ್ ನೋಡಿ ಅಜ್ಜಿಯನ್ನು ದಾಟಿ ಹೋಗುತ್ತಾರೆ. ಅಜ್ಜಿ ನಮಗೇನು ಮಾಡಿದ್ದರು?

ಒತ್ತಿದ್ದನ್ನೆಲ್ಲ ತೆಗೆದು, ಹೋಗಿ ತಿಂದು, ಮತ್ತೆ ಬರೆದೆವು. ಇಡ್ಲಿ ಚೆನ್ನಾಗಿದೆ, ಚಟ್ನಿ ನೀರು ಎಂದು ಒಬ್ಬಳು ಬರೆದಳು. ಆಂಟಿ ಎರಡು ಭಾನುವಾರ ಅವಳ ಜೊತೆ ಮಾತಾಡಲಿಲ್ಲ. ಅಜ್ಜಿಯ ಅಂಗಡಿಯನ್ನೂ ಮ್ಯಾಪಿಗೆ ಹಾಕಿದ್ದೇವೆ. ಅಜ್ಜಿಗೆ ಅದೇನೆಂದು ತಿಳಿಸಲು ಅರ್ಧ ಗಂಟೆ ಹಿಡಿಯಿತು.

ಹುಡುಗ ಪಾಪನಿವೇದನೆ ಮಾಡಿಕೊಂಡ. ಆದರೆ ಎಂಟನೆಯ ಆಜ್ಞೆಯ ಕುರಿತು ಶ್ರೀಸಭೆಯ ಧರ್ಮೋಪದೇಶ ಗ್ರಂಥ 2487ನೆಯ ಸಂಖ್ಯೆಯಲ್ಲಿ ಹೇಳುವಂತೆ, ಕ್ಷಮೆ ಸಿಕ್ಕಮೇಲೂ ಸತ್ಯಕ್ಕೆ ಆದ ಹಾನಿಯನ್ನು ಸರಿಪಡಿಸುವ ಕರ್ತವ್ಯ ಉಳಿಯುತ್ತದೆ. ಹಾಗಾಗಿ ಒಂದು ಸಂಜೆ ಅವನ ಜೊತೆ ಕೂತು ಬರೆದದ್ದನ್ನೆಲ್ಲ ಒಂದೊಂದಾಗಿ ಅಳಿಸಿದೆವು. 41 ಇದ್ದವು. ನರ್ಸಿಂಗ್ ಹೋಮಿನದು ಬಂದಾಗ ಅವನ ಬೆರಳು ನಿಂತಿತು. ಅವನ ನಾಲ್ಕು ಸಾಲಿನ ಕೆಳಗೆ ಯಾರೋ ಇಬ್ಬರು ಮೆಚ್ಚುಗೆ ಒತ್ತಿದ್ದರು. ಅವರು ಯಾರು, ಆಮೇಲೆ ಅಲ್ಲಿಗೆ ಹೋದರೋ ಇಲ್ಲವೋ ಎಂದು ಅವನು ನಮ್ಮನ್ನು ಕೇಳಿದ.