ನೆರೆಮನೆಯ ಮಗು ಯಾರ ಹೊಣೆ?

ಖಲೀಫಾ ಉಮರ್(ರ)ರ ಜೀವನದ ಎರಡು ಘಟನೆಗಳನ್ನು ನೀವು ಬೇರೆ ಬೇರೆ ಸಂದರ್ಭಗಳಲ್ಲಿ ಕೇಳಿರುತ್ತೀರಿ. ಇಂದು ಅವೆರಡನ್ನೂ ಜೊತೆಗಿಟ್ಟು ನೋಡೋಣ.

ಒಂದು ರಾತ್ರಿ ಗಸ್ತು ತಿರುಗುವಾಗ ಒಂದು ಮನೆಯೊಳಗಿನ ಸದ್ದು ಕೇಳಿ ಸಂಶಯಗೊಂಡು ಅವರು ಗೋಡೆ ಹತ್ತಿ ಒಳಗಿಳಿದರು. ಒಬ್ಬಾತ ಮದ್ಯವಿಟ್ಟುಕೊಂಡು ಕುಳಿತಿದ್ದ. ಗದರಿಸಿದಾಗ ಆತ, ನಾನು ಒಂದು ತಪ್ಪು ಮಾಡಿದ್ದರೆ ತಾವು ಮೂರು ಮಾಡಿದ್ದೀರಿ ಎಂದ. ಗುಟ್ಟು ಕೆದಕಿದ್ದು, ಬಾಗಿಲು ಬಿಟ್ಟು ಬಂದದ್ದು, ಅನುಮತಿಯನ್ನೂ ಸಲಾಮನ್ನೂ ಮರೆತದ್ದು. ಮೂರನ್ನೂ ಕುರ್‌ಆನ್ ನಿಷೇಧಿಸಿದೆ. ಖಲೀಫರು ಅವನನ್ನು ಬಿಟ್ಟು ಹೊರಬಂದರು.

ಇನ್ನೊಂದು ರಾತ್ರಿ ಮದೀನಾಕ್ಕೆ ವರ್ತಕರ ತಂಡವೊಂದು ಬಂದು ಬೀಡುಬಿಟ್ಟಿತ್ತು. ಅಬ್ದುರ್ರಹ್ಮಾನ್ ಬಿನ್ ಔಫ್(ರ)ರೊಂದಿಗೆ ಕಾವಲಿಗೆ ಹೋದ ಉಮರ್(ರ)ರಿಗೆ ಮಗುವೊಂದು ಅಳುವುದು ಕೇಳಿಸಿತು. ಹೋಗಿ, ಮಗುವನ್ನು ಸಂತೈಸಮ್ಮಾ ಎಂದು ತಾಯಿಗೆ ಹೇಳಿ ಬಂದರು. ಮತ್ತೆ ಅಳು, ಮತ್ತೆ ಹೋದರು. ಕೊನೆಗೆ ಕಾರಣ ಕೇಳಿದಾಗ, ಎದುರಿಗಿರುವವರು ಯಾರೆಂದು ಅರಿಯದ ಆ ತಾಯಿ ನಿಜ ಹೇಳಿದಳು: ಹಾಲು ಬಿಡಿಸುತ್ತಿದ್ದೇನೆ, ಹಾಲು ಬಿಟ್ಟ ಮಕ್ಕಳಿಗೆ ಮಾತ್ರ ಉಮರ್ ಭತ್ಯೆ ಕೊಡುತ್ತಾರಲ್ಲ! ಅಂದಿನ ಫಜ್ರ್ ನಮಾಝಿನಲ್ಲಿ ಅವರ ಬಿಕ್ಕಳಿಕೆಯಿಂದಾಗಿ ಹಿಂದಿದ್ದವರಿಗೆ ಕಿರಾಅತ್ ಸ್ಪಷ್ಟವಾಗಲಿಲ್ಲವಂತೆ. ನಮಾಝ್ ಮುಗಿಸಿ, ಇನ್ನು ಹುಟ್ಟಿದ ಪ್ರತಿ ಮಗುವಿಗೂ ಬೈತುಲ್ ಮಾಲ್‌ನಿಂದ ಭತ್ಯೆ ಎಂದು ಸಾರಿಸಿದರು.

ಒಬ್ಬರೇ ವ್ಯಕ್ತಿ. ಒಂದು ಮನೆಯಿಂದ ಹಿಂದೆ ಸರಿದರು, ಇನ್ನೊಂದು ಬಿಡಾರಕ್ಕೆ ಮತ್ತೆ ಮತ್ತೆ ಹೋದರು. ಏಕೆ? ಮೊದಲನೆಯವನ ಪಾಪ ಅವನ ಮತ್ತು ಅಲ್ಲಾಹನ ನಡುವಿನದು. ಎರಡನೆಯ ಕಡೆ ಇನ್ನೊಂದು ಜೀವದ ಹಕ್ಕು ಮುರಿಯುತ್ತಿತ್ತು, ಆ ಜೀವಕ್ಕೆ ಮಾತು ಬರುತ್ತಿರಲಿಲ್ಲ. ಮನೆಯ ಮರ್ಯಾದೆಗೆ ಇಸ್ಲಾಮ್ ಕಟ್ಟಿದ ಗೋಡೆ ದೊಡ್ಡವರ ತಪ್ಪನ್ನು ಮರೆಮಾಡಬಹುದು. ಮಗುವಿನ ಅಳುವನ್ನು ಮುಚ್ಚಿಹಾಕಲು ಅದನ್ನು ಕಟ್ಟಿದ್ದಲ್ಲ.

ಇದನ್ನು ನಾನು ಕಿತಾಬಿನಲ್ಲಿ ಓದಿದ್ದೆ, ಮಕ್ಕಳಿಗೆ ಕಲಿಸಿಯೂ ಇದ್ದೆ. ಆದರೂ ಕೆಲವು ವರ್ಷಗಳ ಹಿಂದೆ ನನ್ನ ತರಗತಿಯ ಏಳು ವರ್ಷದ ಹುಡುಗನೊಬ್ಬನ ತೋಳಿನ ಮೇಲೆ ಬೆಲ್ಟಿನ ಬರೆ ಕಂಡಾಗ, ಏನಾಯಿತು ಎಂದು ಕೇಳಿದೆ. ಬಿದ್ದೆ ಉಸ್ತಾದ್ ಎಂದ. ನಾನು ನಂಬಿದೆ. ನಂಬಿದೆ ಎನ್ನುವುದಕ್ಕಿಂತ, ನಂಬುವುದು ನನಗೆ ಸುಲಭವಾಗಿತ್ತು. ಅವರ ಮನೆಯ ವಿಷಯ, ಇನ್ನೊಬ್ಬರ ಐಬು ಮುಚ್ಚುವುದು ಪುಣ್ಯವಲ್ಲವೇ ಎಂದುಕೊಂಡೆ. ಒಂದೆರಡು ತಿಂಗಳಲ್ಲಿ ಆ ಕುಟುಂಬ ಊರು ಬಿಟ್ಟಿತು. ಆ ಬರೆಯ ಬಗ್ಗೆ ನನ್ನೊಡನೆ ವಿಚಾರಣೆ ನಡೆಯುವ ದಿನ ಒಂದಿದೆ ಎಂಬುದಷ್ಟೇ ನನಗೀಗ ಗೊತ್ತು.

ದೂರು ಹೇಳಿದರೆ ಗೀಬತ್ ಆಗುವುದಿಲ್ಲವೇ ಎಂದು ಕೆಲವರು ಕೇಳುತ್ತಾರೆ. ಗೀಬತ್ ಅಲ್ಲದ ಆರು ಸಂದರ್ಭಗಳನ್ನು ಇಮಾಮ್ ನವವಿ(ರ) ಎಣಿಸಿದ್ದಾರೆ. ಅನ್ಯಾಯದ ವಿರುದ್ಧ ಅದನ್ನು ತಡೆಯಬಲ್ಲ ಅಧಿಕಾರಸ್ಥರಲ್ಲಿ ಹೇಳುವುದು ಅವುಗಳಲ್ಲಿ ಮೊದಲನೆಯದು. ಆದರೆ ಹೇಳಬೇಕಾದಲ್ಲಿ ಹೇಳಬೇಕು. ಮದುವೆ ಮನೆಯ ಪಂಕ್ತಿಯಲ್ಲಿ ಪಿಸುಗುಟ್ಟಿ, ಪಂಚಾಯಿತಿಯಲ್ಲೂ ಠಾಣೆಯಲ್ಲೂ ಬಾಯಿ ಮುಚ್ಚಿಕೊಳ್ಳುವುದು ನಮ್ಮಲ್ಲಿ ಹೆಚ್ಚು. ಅದೇ ನಿಜವಾದ ಗೀಬತ್. ಲೈಂಗಿಕ ದೌರ್ಜನ್ಯದ ವಿಷಯದಲ್ಲಂತೂ 2012ರ ಪೋಕ್ಸೋ ಕಾಯ್ದೆಯು ತಿಳಿದವರೆಲ್ಲರೂ ಪೊಲೀಸರಿಗೆ ತಿಳಿಸಲೇಬೇಕು ಎನ್ನುತ್ತದೆ. ಮುಚ್ಚಿಟ್ಟರೆ ಆರು ತಿಂಗಳವರೆಗೆ, ಸಂಸ್ಥೆಯ ಮುಖ್ಯಸ್ಥನಾದರೆ ಒಂದು ವರ್ಷದವರೆಗೆ ಸೆರೆವಾಸ. ಉಸ್ತಾದರಿಗೂ ಜಮಾಅತಿನ ಅಧ್ಯಕ್ಷರಿಗೂ ಇದರಲ್ಲಿ ವಿನಾಯಿತಿಯಿಲ್ಲ, ಇರಲೂಬಾರದು.

ಜನಾಝ ನಮಾಝ್ ಫರ್ಝ್ ಕಿಫಾಯ ಎಂಬುದು ನಮ್ಮ ಮಕ್ಕಳಿಗೂ ಗೊತ್ತು. ಕೆಲವರು ಮಾಡಿದರೆ ಎಲ್ಲರ ಹೊಣೆ ಇಳಿಯುತ್ತದೆ, ಯಾರೂ ಮಾಡದಿದ್ದರೆ ಎಲ್ಲರೂ ಪಾಪಿಗಳು. ಸತ್ತವನ ವಿಷಯದಲ್ಲಿ ಇಷ್ಟು ಎಚ್ಚರವಿರುವ ನಾವು, ಬದುಕಿರುವ ಮಗುವಿನ ವಿಷಯದಲ್ಲಿ ಬೇರೆ ಯಾರಾದರೂ ನೋಡಿಕೊಳ್ಳುತ್ತಾರೆ ಎಂದು ಬಿಡುತ್ತೇವೆ. ಲಂಡನ್ನಿನಲ್ಲಿ 2000ದ ಫೆಬ್ರವರಿಯಲ್ಲಿ ವಿಕ್ಟೋರಿಯಾ ಕ್ಲಿಂಬಿಯೆ ಎಂಬ ಎಂಟು ವರ್ಷದ ಬಾಲಕಿ ತೀರಿಕೊಂಡಳು. ಒಳ್ಳೆಯ ಶಿಕ್ಷಣ ಸಿಗಲೆಂದು ಐವರಿ ಕೋಸ್ಟಿನ ತಂದೆತಾಯಿ ಅವಳನ್ನು ಬಂಧುವೊಬ್ಬಳ ಜೊತೆ ಕಳಿಸಿದ್ದರು. ಮೈಮೇಲೆ 128 ಗಾಯಗಳಿದ್ದವು. ಸ್ಥಳೀಯ ಕೌನ್ಸಿಲುಗಳ ಸಮಾಜ ಸೇವಾ ವಿಭಾಗ, ಆಸ್ಪತ್ರೆ, ಪೊಲೀಸರು, ಎಲ್ಲರಿಗೂ ಅವಳ ವಿಷಯ ತಿಳಿದಿತ್ತು. ಅವಳನ್ನು ಉಳಿಸಬಹುದಾಗಿದ್ದ ಕನಿಷ್ಠ 12 ಅವಕಾಶಗಳು ಕೈತಪ್ಪಿದವೆಂದು ಲಾರ್ಡ್ ಲ್ಯಾಮಿಂಗ್ ಅವರ ವಿಚಾರಣಾ ವರದಿ 2003ರಲ್ಲಿ ಹೇಳಿತು. ಹಣವಿದ್ದ ದೇಶ, ಕಾನೂನಿದ್ದ ದೇಶ. ಕಡತ ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ಸಾಗುತ್ತಿತ್ತು, ಮಗುವಿನ ಮುಖ ನೋಡಿ ಕೂತು ಮಾತಾಡಿದವರು ವಿರಳ.

ನಮ್ಮಲ್ಲಿ ಮೇಜುಗಳಿಗೆ ಬರವಿಲ್ಲ. 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಅಂಗನವಾಡಿ ಯೋಜನೆ ಆರಂಭವಾದಾಗ ಕರ್ನಾಟಕದಲ್ಲಿ ಟಿ. ನರಸೀಪುರ ಮೊದಲನೆಯದಾಯಿತು. 73ನೇ ತಿದ್ದುಪಡಿ 1993ರಲ್ಲಿ ಜಾರಿಗೆ ಬಂದಾಗ ಪಂಚಾಯಿತಿಗಳಿಗೆ ವಹಿಸಬಹುದಾದ ವಿಷಯಗಳ ಪಟ್ಟಿಯಲ್ಲಿ ಮಹಿಳಾ ಮತ್ತು ಶಿಶು ಅಭಿವೃದ್ಧಿಯೂ ಸೇರಿತು. ಅಂಗನವಾಡಿಗೆ ಬಾಲವಿಕಾಸ ಸಮಿತಿ ಇದೆ, ಜಿಲ್ಲೆಗೆ ಮಕ್ಕಳ ಕಲ್ಯಾಣ ಸಮಿತಿ ಇದೆ, 1098 ಎಂಬ ದೂರವಾಣಿ ಇದೆ. ಹೀಗಿದ್ದೂ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ರಾಜ್ಯದಲ್ಲಿ ಐದು ವರ್ಷದೊಳಗಿನ ನೂರು ಮಕ್ಕಳಲ್ಲಿ 35 ಮಕ್ಕಳು ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ.

ಒಳ್ಳೆಯ ಯೋಜನೆಯೂ ಎಲ್ಲಿ ಎಡವುತ್ತದೆ ಎಂಬುದಕ್ಕೆ ಆ ಬಿಡಾರದ ತಾಯಿಯೇ ಸಾಕ್ಷಿ. ಉಮರ್(ರ)ರ ನಿಯಮ ಕೆಟ್ಟದ್ದಾಗಿರಲಿಲ್ಲ, ಅದರ ಉದ್ದೇಶ ಮಕ್ಕಳ ಹಿತವೇ ಆಗಿತ್ತು. ಅದು ಮಗುವಿನ ಬಾಯಿಂದ ಹಾಲು ಕಸಿಯುತ್ತಿದೆ ಎಂಬುದು ದಫ್ತರಿನಲ್ಲಿ ಕುಳಿತರೆ ತಿಳಿಯುತ್ತಿರಲಿಲ್ಲ. 2017ರಲ್ಲಿ ಮಾತೃಪೂರ್ಣ ಯೋಜನೆ ಬಂದಾಗ ಗರ್ಭಿಣಿಯರೂ ಬಾಣಂತಿಯರೂ ಅಂಗನವಾಡಿಗೇ ಬಂದು ಬಿಸಿಯೂಟ ಮಾಡಬೇಕೆಂದಿತ್ತು. ಮನೆಗಳು ಗುಡ್ಡಕ್ಕೊಂದು ಎಂಬಂತಿರುವ ಮಲೆನಾಡು, ಕರಾವಳಿಯಲ್ಲಿ ಹೊಟ್ಟೆ ಹೊತ್ತು ಅಷ್ಟು ದೂರ ನಡೆದು ಬರುವವರು ಯಾರು? ಕೇಳಬೇಕಾದವರು ಆ ತಾಯಂದಿರನ್ನೇ ಕೇಳಬೇಕಿತ್ತು.

ಇಲ್ಲಿ ನಮ್ಮ ತಪ್ಪನ್ನೂ ಹೇಳಿಬಿಡುತ್ತೇನೆ. ಪಂಚಾಯಿತಿಯ ಸಭೆಗೆ ನಾವು ಹೋಗುವುದು ರಸ್ತೆಗೆ, ದಫನ ಭೂಮಿಯ ಕಂಪೌಂಡಿಗೆ. ಅಂಗನವಾಡಿಯ ತೂಕದ ತಕ್ಕಡಿ ಸರಿಯಿದೆಯೇ, ನಮ್ಮ ಮಹಲ್ಲಾದ ಎಷ್ಟು ಮಕ್ಕಳ ಹೆಸರು ದಾಖಲೆಯಲ್ಲಿದೆ, ಶಾಲೆ ಬಿಟ್ಟ ಹುಡುಗಿ ಎಲ್ಲಿ ಹೋದಳು ಎಂದು ಕೇಳಿದ ಜಮಾಅತನ್ನು ನಾನು ಕಂಡದ್ದು ಕಡಿಮೆ. ತಾಯಂದಿರಿಗೆ ಎಲ್ಲ ಗೊತ್ತಿರುತ್ತದೆ, ಆದರೆ ಅವರನ್ನು ಸಭೆಗೆ ಕರೆದೊಯ್ಯಲು ನಮಗೆ ಸಂಕೋಚ. ಯಾಕೋ ಪಡಿತರದ ಸಾಲಿನಲ್ಲಿ ಅವರನ್ನು ನಿಲ್ಲಿಸಲು ಆ ಸಂಕೋಚ ಅಡ್ಡಬರುವುದಿಲ್ಲ.

ಗ್ರಾಮ ಪಂಚಾಯಿತಿಗಳು ಮಕ್ಕಳ ಗ್ರಾಮಸಭೆಯನ್ನೂ ನಡೆಸುತ್ತವೆ. ಮಕ್ಕಳೇ ಎದ್ದುನಿಂತು ಮಾತಾಡುವ ಸಭೆ ಅದು. ಮದ್ರಸದ ಮಕ್ಕಳು ಶಾಲೆಯ ಮಕ್ಕಳೂ ಹೌದಲ್ಲ, ಅಂದು ಒಂದು ಹೊತ್ತು ರಜೆ ಕೊಟ್ಟು ಅವರನ್ನೂ ಅವರ ಉಮ್ಮಂದಿರನ್ನೂ ಕಳಿಸಿಕೊಡಬಹುದು. ಈ ವರ್ಷದ ಸಭೆ ಯಾವಾಗ ಎಂದು ಪಂಚಾಯಿತಿ ಕಚೇರಿಯಲ್ಲಿ ಪಿಡಿಓ ಅವರನ್ನು ಕೇಳಿದರೆ ಹೇಳುತ್ತಾರೆ.