ಹಿಂಡು ಬಂತು, ಮಂದಿ ಬಂದರು

ಸಂಕ್ರಾಂತಿ ಕಳೆದು ವಾರವಾಗಿತ್ತು. ಆಂಧ್ರದ ಆದವಾನಿ ಸೀಮೆಯ ಪೆದ್ದಕಡುಬೂರಿನಲ್ಲಿ ನೆಂಟರ ಮನೆಯ ಕಟ್ಟೆಯ ಮೇಲೆ ಕೂತು ಚಹಾ ಕುಡಿಯುತ್ತಿದ್ದೆ. ಪಕ್ಕದಲ್ಲಿ ಆರನೇ ತರಗತಿಯ ಹುಡುಗಿ ನೋಟ್‌ಬುಕ್ಕನ್ನು ತೊಡೆಯ ಮೇಲಿಟ್ಟುಕೊಂಡು, ರಾತ್ರಿ ಉಳಿಸಿದ್ದ ಇಂಗ್ಲಿಷ್ ಹೋಂವರ್ಕ್ ಮುಗಿಸುವ ಅವಸರದಲ್ಲಿದ್ದಳು. ವಾಕ್ಯಗಳಲ್ಲಿ ಕಲೆಕ್ಟಿವ್ ನೌನ್, ಅಂದರೆ ಗುಂಪಿನ ಹೆಸರು, ಹುಡುಕಿ ಗೆರೆ ಎಳೆಯಬೇಕಂತೆ. ಮೊದಲ ವಾಕ್ಯ, ‘ದಿ ಷೆಫರ್ಡ್ ಹ್ಯಾಸ್ ಎ ಫ್ಲಾಕ್ ಆಫ್ ಶೀಪ್.’ ಅವಳು ‘ಶೀಪ್’ ಕೆಳಗೆ ಗೆರೆ ಎಳೆದಿದ್ದಳು.

“ಅದಲ್ಲವ್ವಾ, ಫ್ಲಾಕ್” ಎಂದೆ.

“ಫ್ಲಾಕ್ ಎಲ್ಲಿ ಕಾಣ್ತದ ಮಾಮಾ? ಕುರಿ ಕಾಣ್ತಾವ” ಎಂದಳು.

ತಪ್ಪು ಉತ್ತರಕ್ಕೆ ಇಷ್ಟು ಸರಿಯಾದ ಕಾರಣವನ್ನು ನಾನು ಕೇಳಿರಲಿಲ್ಲ. ಓಣಿಯ ತಿರುವಿನಲ್ಲಿ ಅಷ್ಟರಲ್ಲೇ ಕುರಿಗಳು ಬಂದವು. ದೂರದಲ್ಲಿ ಒಂದೇ ಕಂಬಳಿ ತೆವಳಿ ಬರುವಂತಿತ್ತು. ಹತ್ತಿರವಾದಂತೆ ಒಂದು ಕುಂಟುವುದು, ಒಂದರ ಕೊರಳಲ್ಲಿ ಗಂಟೆ, ಒಂದರ ಕಿವಿ ಹರಿದಿರುವುದು ಕಂಡಿತು. ದೂರದಲ್ಲಿದ್ದಾಗ ಹಿಂಡು ಬಂತು. ಕಟ್ಟೆಯ ಮುಂದೆ ಹಾಯ್ದಾಗ ಕುರಿಗಳು ಬಂದವು. ಕುರುಬನಿಗಂತೂ ಅದು ಯಾವ ದೂರದಿಂದಲೂ ಒಂದೇ ಕಂಬಳಿಯಾಗಿ ಕಂಡಿರಲಾರದು.

ಇಂಗ್ಲಿಷ್ ಮೇಷ್ಟ್ರುಗಳು ಹುಡುಕಲು ಒಂದು ಸುಲಭದ ದಾರಿ ಹೇಳಿಕೊಡುತ್ತಾರೆ: ‘ಆಫ್’ ಹಿಂದಿರುವ ಪದವೇ ಉತ್ತರ. ಬಂಚ್ ಆಫ್ ಕೀಸ್, ಹರ್ಡ್ ಆಫ್ ಕ್ಯಾಟಲ್. ಆದರೆ ‘ಎ ಕಪ್ ಆಫ್ ಟೀ’ ಬಂದರೆ ಆ ದಾರಿ ಕೈಕೊಡುತ್ತದೆ. ಕಪ್ ಚಹಾದ ಪಾತ್ರೆ, ಚಹಾಗಳ ಗುಂಪಲ್ಲ. ‘ದಿ ಆರ್ಮಿ ಮಾರ್ಚ್ಡ್’ ಎಂಬಲ್ಲಿ ‘ಆಫ್’ ಇಲ್ಲವೇ ಇಲ್ಲ, ಆದರೂ ಆರ್ಮಿ ಕಲೆಕ್ಟಿವ್ ನೌನೇ. ಪದ ಒಂದು, ಅದರೊಳಗೆ ಹಲವರು ಎಂದು ಕೇಳಿ ನೋಡುವುದೇ ಸರಿ. ಚಿಲ್ಡ್ರನ್ ಎಂಬುದು ಬರೀ ಬಹುವಚನ. ಕ್ಲಾಸ್ ಎಂದಾಗ ಮಕ್ಕಳೆಲ್ಲ ಒಂದು ಪದದೊಳಗೆ ಹೋಗಿ ಕೂತಿರುತ್ತಾರೆ.

ನಮ್ಮ ಶಾಲಾ ವ್ಯಾಕರಣದಲ್ಲಿ ರೂಢನಾಮ, ಅಂಕಿತನಾಮ, ಅನ್ವರ್ಥನಾಮ, ಭಾವನಾಮ, ಪರಿಮಾಣವಾಚಕ ಎಲ್ಲ ಇವೆ. ಗುಂಪಿನ ಹೆಸರಿಗೆಂದೇ ಬೇರೆ ಮನೆ ಕಟ್ಟಿಕೊಟ್ಟಿಲ್ಲ. ಪದಗಳಿಗೇನೂ ಬರವಿಲ್ಲ. ಬಾಳೆಗೆ ಗೊನೆ, ಗೊನೆಯೊಳಗೆ ಚಿಪ್ಪು, ದ್ರಾಕ್ಷಿಗೆ ಗೊಂಚಲು, ಕೊಯ್ದ ಜೋಳಕ್ಕೆ ಸಿವುಡು, ಸಿವುಡುಗಳೆಲ್ಲ ಸೇರಿದರೆ ಬಣವೆ, ತಲೆಯ ಮೇಲೆ ಬಂದರೆ ಹೊರೆ, ಕಣದಲ್ಲಿ ಬಿದ್ದರೆ ರಾಶಿ. ಇವೆಲ್ಲ ಕೈ ಮಾಡಿದ ಕೆಲಸದಿಂದ ಹುಟ್ಟಿದ ಪದಗಳು. ಇಂಗ್ಲಿಷಿನವರ ಅನೇಕ ಗುಂಪಿನ ಹೆಸರುಗಳು ಬೇಟೆಯ ಶೋಕಿಯಿಂದ ಬಂದವು. 1486ರಲ್ಲಿ ಅಚ್ಚಾದ ಸೇಂಟ್ ಆಲ್ಬನ್ಸ್ ಪುಸ್ತಕದಲ್ಲಿ ಅಂಥ ದೊಡ್ಡ ಪಟ್ಟಿಯೇ ಇದೆ, ಸಿಂಹಗಳ ‘ಪ್ರೈಡ್’ ಅಲ್ಲಿಯದು. ಮೀನುಗಳ ‘ಸ್ಕೂಲ್’ ಮಾತ್ರ ಡಚ್ ಭಾಷೆಯಿಂದ ಬಂದದ್ದು. ಪಾಠ ಕಲಿಸುವ ಸ್ಕೂಲಿಗೂ ಅದಕ್ಕೂ ನೆಂಟಸ್ತಿಕೆಯಿಲ್ಲ. ಇದನ್ನು ಹೇಳಿದಾಗ ಹುಡುಗಿ ಪೆನ್ನು ಕೆಳಗಿಟ್ಟು ನಕ್ಕಳು. ಹೋಂವರ್ಕಿಗೆ ಅದರಿಂದ ಉಪಯೋಗವಾಗಲಿಲ್ಲ.

ನನಗೆ ಮುಖ್ಯವಾಗಿ ಕಾಣುವುದು ಪದವಲ್ಲ, ಅದರ ಬೆನ್ನಿಗೆ ಬರುವ ಕ್ರಿಯಾಪದ. ಇಂಗ್ಲಿಷಿನಲ್ಲಿ ‘ಕಮಿಟಿ’ ಒಮ್ಮತದಲ್ಲಿದ್ದರೆ ಏಕವಚನ, ಸದಸ್ಯರು ಒಬ್ಬೊಬ್ಬರು ಒಂದೊಂದು ಅಂದರೆ ಬಹುವಚನ. ಹಳೆಯ ವ್ಯಾಕರಣಗಳು ಈ ಎರಡನೆಯದಕ್ಕೆ ‘ನೌನ್ ಆಫ್ ಮಲ್ಟಿಟ್ಯೂಡ್’ ಎಂದು ಬೇರೆ ಹೆಸರನ್ನೇ ಇಟ್ಟಿದ್ದವು. ಕನ್ನಡ ಇದನ್ನು ಸದ್ದಿಲ್ಲದೆ ಮಾಡುತ್ತದೆ. ‘ಗುಂಪು ಬಂತು’ ಎಂದೊಡನೆ ಅದರೊಳಗಿನ ಮನುಷ್ಯರು ಕಲ್ಲು, ಗಾಳಿ, ಬಸ್ಸಿನ ಸಾಲಿಗೆ ಸೇರುತ್ತಾರೆ. ‘ಮಂದಿ ಬಂದರು’ ಎಂದರೆ ಪದಕ್ಕೆ ‘ಗಳು’ ಇಲ್ಲ, ‘ರು’ ಇಲ್ಲ, ಆದರೂ ಕ್ರಿಯಾಪದ ಎದ್ದು ನಿಂತು ಅವರನ್ನು ಮನುಷ್ಯರೆಂದು ಬರಮಾಡಿಕೊಳ್ಳುತ್ತದೆ.

ಈ ಸೀಮೆಗೆ ಈ ವ್ಯತ್ಯಾಸ ಚೆನ್ನಾಗಿ ಗೊತ್ತು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯವಾದಾಗ ಬಳ್ಳಾರಿ ಜಿಲ್ಲೆಯಿಂದ ಆದವಾನಿ, ಆಲೂರು, ರಾಯದುರ್ಗ ತಾಲೂಕುಗಳು ಅತ್ತ ಸೇರಿದವು. ಬಳ್ಳಾರಿ ಮೈಸೂರಿಗೆ ಬಂತು. ‘ತಾಲೂಕು’ ಕೂಡ ಒಂದು ಗುಂಪಿನ ಹೆಸರೇ ಅಲ್ಲವೆ? ಕಾಗದದ ಮೇಲೆ ತಾಲೂಕು ಹೋಯಿತು. ಮಂದಿ ಎಲ್ಲಿಗೂ ಹೋಗಲಿಲ್ಲ. ಅದೇ ಜೋಳ, ಅದೇ ಹತ್ತಿ ಬೆಳೆದರು, ಹತ್ತಿ ಮಾರಲು ಆದವಾನಿಗೇ ಹೋದರು, ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ತೆಲುಗು ಆಡಿದರು. ಇಂದಿಗೂ ಆಂಧ್ರದ ಹತ್ತನೇ ತರಗತಿ ಪರೀಕ್ಷೆಯನ್ನು ಕನ್ನಡದಲ್ಲಿ ಬರೆಯಬಹುದು.

ಮಂದಿ ಹೋಗುವುದು ಬೇರೆ ಕಾರಣಕ್ಕೆ. ಹೊಸಪೇಟೆಯ ಅಣೆಕಟ್ಟಿನಿಂದ ತುಂಗಭದ್ರೆಯ ಕೆಳಮಟ್ಟದ ಕಾಲುವೆ ಈ ಭಾಗಕ್ಕೆ ಬರುತ್ತದೆ, ಆದರೆ ಎಲ್ಲರ ಹೊಲಕ್ಕೆ ಬರುವುದಿಲ್ಲ. ಮಳೆಯ ಬೆಳೆ ಮುಗಿದ ಮೇಲೆ ಕೋಸಿಗಿ, ಕೌತಾಳಂ, ಪೆದ್ದಕಡುಬೂರು ಕಡೆಯ ಸಂಸಾರಗಳು ಮೆಣಸಿನಕಾಯಿ ಬಿಡಿಸಲು ಗುಂಟೂರಿಗೆ ಹೊರಡುತ್ತವೆ. ಈ ವಲಸೆಗೆ ಇಲ್ಲಿಯವರು ಕೊಟ್ಟ ಹೆಸರು ‘ಸುಗ್ಗಿ’. ನಮಗೆ ಸುಗ್ಗಿಯೆಂದರೆ ಕಣದ ತುಂಬ ರಾಶಿ. ಇಲ್ಲಿ ಸುಗ್ಗಿಗೆ ಹೋಗುವುದೆಂದರೆ ಮನೆಗೆ ಬೀಗ ಹಾಕಿ, ಪಾತ್ರೆ ಹಾಸಿಗೆ ಕಟ್ಟಿಕೊಂಡು ಬೇರೆಯವರ ರಾಶಿಗೆ ಹೋಗುವುದು. ಒಂದೇ ಪದ ಇಷ್ಟು ದೂರ ನಡೆದದ್ದು ನೋಡಿ ನನಗೆ ವ್ಯಾಕರಣದ ಮೇಲಿನ ಆಸಕ್ತಿಯೇ ಹೊರಟುಹೋಗುತ್ತದೆ.

ಪತ್ರಿಕೆಗಳಲ್ಲಿ ‘ವಲಸೆ ಹೆಚ್ಚಿತು’ ಎಂದು ಬರುತ್ತದೆ. ವಲಸೆಯೂ ನಪುಂಸಕಲಿಂಗ, ಏಕವಚನ.

ಹುಡುಗಿ ಕೊನೆಯ ವಾಕ್ಯಕ್ಕೆ ಬಂದಿದ್ದಳು. ‘ಕ್ರೌಡ್’ ಕೆಳಗೆ ಸರಿಯಾಗಿ ಗೆರೆ ಎಳೆದು, ನೋಟ್‌ಬುಕ್ ಮುಚ್ಚಿ, ಎದುರು ಮನೆಯತ್ತ ನೋಡಿದಳು. ಬಾಗಿಲಿಗೆ ಬೀಗವಿತ್ತು, ತೋರಣ ಒಣಗಿತ್ತು. ಅವಳ ಜೊತೆ ಶಾಲೆಗೆ ಹೋಗುವ ಗೆಳತಿ ಆ ಮನೆಯವಳು.

“ಎಷ್ಟು ಮಂದಿ ಹೋಗ್ಯಾರ?” ಎಂದು ಒಳಗಿದ್ದ ಅವಳ ಅಜ್ಜಿಯನ್ನು ಕೇಳಿದೆ. ಸಂಖ್ಯೆ ಹೇಳುತ್ತಾರೆಂದುಕೊಂಡಿದ್ದೆ. ಅಜ್ಜಿ ಹೊರಗೆ ಬಂದು ಬೆರಳು ಮಡಚುತ್ತ ಆ ಮನೆಯ ಒಬ್ಬೊಬ್ಬರ ಹೆಸರನ್ನೂ ಹೇಳಿದರು, ತೊಟ್ಟಿಲ ಕೂಸಿನದೂ ಸೇರಿ. ಆಮೇಲೆ, “ಯುಗಾದಿಗೆ ಬರ್ತಾರಪ್ಪ” ಎಂದು ಒಳಗೆ ಹೋದರು.