ಗಾಜಿನ ಗೋಲಿಯ ಬೆಲೆ

ವಸ್ತುವಿನ ಬೆಲೆ ಬೇರೆ, ಅದರ ಯೋಗ್ಯತೆ ಬೇರೆ. ಈ ಮಾತನ್ನು ಎಲ್ಲರೂ ಒಪ್ಪುತ್ತೇವೆ. ಆದರೆ ಕೊಡುವ ಕೊಳ್ಳುವ ಹೊತ್ತು ಬಂದಾಗ ಅದನ್ನು ನೆನಪಿನಲ್ಲಿರಿಸಿಕೊಳ್ಳುವವರು ವಿರಳ. ದೊಡ್ಡ ದೊಡ್ಡ ಉದಾಹರಣೆಗಳನ್ನು ಹಿಡಿದು ಈ ವಿಷಯವನ್ನು ವಿಚಾರಿಸುವುದಕ್ಕಿಂತ, ಅತ್ಯಲ್ಪವಾದ ಒಂದು ವಸ್ತುವನ್ನು ಅಂಗೈಯಲ್ಲಿರಿಸಿಕೊಂಡು ವಿಚಾರಿಸುವುದು ಲೇಸು. ಅಂತಹ ವಸ್ತು ಗಾಜಿನ ಗೋಲಿ.

ಗೋಲಿಯನ್ನು ಅರಿಯದ ವಾಚಕರಿರಲಾರರು. ಶಾಲೆಯ ಬಯಲಿನಲ್ಲಿ ಕುಳಿ ತೋಡಿ, ಹೆಬ್ಬೆರಳನ್ನು ನೆಲಕ್ಕೂರಿ, ಗುರಿಯಿಟ್ಟು ಹೊಡೆದ ದಿನಗಳನ್ನು ಯಾರು ಮರೆತಾರು? ಸೋಡಾ ಬಾಟಲಿಯ ಕೊರಳಲ್ಲಿ ಸಿಲುಕಿದ ಗೋಲಿಯನ್ನು ಹೊರತೆಗೆಯಲು ಪಟ್ಟ ಪಾಡೂ ಹಲವರ ನೆನಪಿನಲ್ಲಿರಬಹುದು. ನಮಗೆ ಗೋಲಿ ಕಳೆದುಹೋದರೆ ಅದು ಒಂದು ಸಂಜೆಯ ದುಃಖ. ಆದರೆ ಅಮೆರಿಕದಲ್ಲಿ 20ನೆಯ ಶತಮಾನದ ಪೂರ್ವಾರ್ಧದ ಯಂತ್ರನಿರ್ಮಿತ ಗೋಲಿಗಳನ್ನು ಅರಸಿ, ಗುರುತಿಸಿ, ಕೂಡಿಡುವ ದೊಡ್ಡದೊಂದು ಸಮುದಾಯವೇ ಇದೆ. ಅಂದು ಮಕ್ಕಳ ಕೈಗೆ ಬಿಡಿಗಾಸಿಗೆ ದೊರೆಯುತ್ತಿದ್ದ ಗೋಲಿಗಳಲ್ಲಿ ಕೆಲವು ಇಂದು ನೂರಾರು ಡಾಲರುಗಳಿಗೆ ಮಾರಾಟವಾಗುತ್ತವೆ.

ಇದರ ಹಿನ್ನೆಲೆಯನ್ನು ಸ್ವಲ್ಪ ತಿಳಿಯಬೇಕು. 19ನೆಯ ಶತಮಾನದ ನಡುಗಾಲದಿಂದ ಮೊದಲನೆಯ ಮಹಾಯುದ್ಧದವರೆಗೆ ಜಗತ್ತಿಗೆ ಗಾಜಿನ ಗೋಲಿಗಳನ್ನು ಒದಗಿಸುತ್ತಿದ್ದುದು ಮುಖ್ಯವಾಗಿ ಜರ್ಮನಿ. ಅದರಲ್ಲಿಯೂ ತುರಿಂಗಿಯ ಪ್ರಾಂತದ ಲೌಷಾ ಎಂಬ ಊರು. ಅಲ್ಲಿನ ಕುಶಲಕರ್ಮಿಗಳು ಬಣ್ಣದೆಳೆಗಳನ್ನು ಕೂಡಿಸಿದ ಬಿಸಿಗಾಜಿನ ಕೋಲಿನಿಂದ ಒಂದೊಂದೇ ಗೋಲಿಯನ್ನು ಕೈಯಿಂದ ದುಂಡಗೆ ಮಾಡಿ ಕತ್ತರಿಸುತ್ತಿದ್ದರು. ಡೆನ್ಮಾರ್ಕಿನಲ್ಲಿ ಹುಟ್ಟಿ ಅಮೆರಿಕದ ಓಹಾಯೋ ರಾಜ್ಯದ ಆಕ್ರನ್ ನಗರದಲ್ಲಿ ನೆಲೆಸಿದ ಮಾರ್ಟಿನ್ ಕ್ರಿಸ್ಟೆನ್ಸನ್ ಎಂಬಾತನು ಗಾಜನ್ನು ಉರುಳಿಸಿ ದುಂಡಾಗಿಸುವ ಯಂತ್ರಕ್ಕೆ 1905ರಲ್ಲಿ ಹಕ್ಕುಪತ್ರ ಪಡೆದನು. ತೋಡುಗಳುಳ್ಳ ಉರುಳೆಗಳ ಮೇಲೆ ಕೆಂಡದಂತಹ ಗಾಜಿನ ಉಂಡೆಯು ತಿರುತಿರುಗಿ ತಣಿಯುತ್ತ ಗೋಳವಾಗುವುದೇ ಆ ಯಂತ್ರದ ತತ್ತ್ವ. ಮುಂದೆ ಅದೇ ಊರಿನಲ್ಲಿ ಹುಟ್ಟಿದ ಆಕ್ರೊ ಅಗೇಟ್ ಕಂಪನಿಯು 1914ರಲ್ಲಿ ಪಶ್ಚಿಮ ವರ್ಜೀನಿಯದ ಕ್ಲಾರ್ಕ್ಸ್‌ಬರ್ಗ್‌ಗೆ ಸ್ಥಳಾಂತರಗೊಂಡು, ಯುದ್ಧದಿಂದ ಜರ್ಮನಿಯ ಆಮದು ನಿಂತ ಸಂದರ್ಭದಲ್ಲಿ ಬೆಳೆದು, 1951ರವರೆಗೆ ನಡೆಯಿತು. ಇಲಿನಾಯ್ ರಾಜ್ಯದ ಪೆಲ್ಟಿಯರ್ ಮೊದಲಾದ ಕಾರ್ಖಾನೆಗಳೂ ಈ ಉದ್ಯಮದಲ್ಲಿ ಹೆಸರಾದವು. 1950ರ ದಶಕದಲ್ಲಿ ಜಪಾನಿನಿಂದ ಬಂದ ಬೆಕ್ಕಿನ ಕಣ್ಣಿನಂತಹ ಗೋಲಿಗಳು ಆ ಮಾರುಕಟ್ಟೆಯ ಸ್ವರೂಪವನ್ನೇ ಬದಲಿಸಿದವು.

ಹಳೆಯ ಗೋಲಿಯನ್ನು ಗುರುತಿಸುವುದು ಹೇಗೆ? ಕೈಯಿಂದ ಮಾಡಿದ ಗೋಲಿಗೆ ಕೋಲಿನಿಂದ ಬೇರ್ಪಟ್ಟ ಕಡೆ ಒರಟಾದ ಅಥವಾ ಉಜ್ಜಿದ ಗುರುತಿರುತ್ತದೆ. ಯಂತ್ರದ ಗೋಲಿಗೆ ಅದಿಲ್ಲ. ಮೊದಮೊದಲು ಕರಗಿದ ಗಾಜನ್ನು ಕಬ್ಬಿಣದ ಕೋಲಿನಿಂದ ಇಳಿಬಿಟ್ಟು ಕತ್ತರಿಯಿಂದ ಕತ್ತರಿಸುವ ಕೆಲಸವು ಮನುಷ್ಯನ ಕೈಯಲ್ಲೇ ಇತ್ತು. ಉರುಳಿಸುವುದಷ್ಟೇ ಯಂತ್ರದ ಕೆಲಸ. ಆದಕಾರಣ ಆ ಕಾಲದ ಅನೇಕ ಗೋಲಿಗಳ ಒಂದು ತುದಿಯಲ್ಲಿ ಬಿಳಿಯ ಗಾಜು ಇಂಗ್ಲಿಷಿನ 9ರ ಅಂಕಿಯಂತೆ ಸುರುಳಿಗೊಂಡಿದ್ದು, ಇನ್ನೊಂದು ತುದಿಯಲ್ಲಿ ಬಾಲದಂತೆ ಮುಗಿಯುತ್ತದೆ. ಆಕ್ರೊ ಕಂಪನಿಯ ಹೆಸರಾಂತ ಗೋಲಿಗಳಲ್ಲಿ ಬಣ್ಣದ ಪಟ್ಟಿಯು ತಿರುಪುಮೊಳೆಯ ಸುತ್ತಿನಂತೆ ಒಂದು ತುದಿಯಿಂದ ಇನ್ನೊಂದು ತುದಿಗೆ ಸಾಗುತ್ತದೆ. ಕೆಲವು ಗೋಲಿಗಳು ಅತಿನೇರಳೆ ಬೆಳಕಿನಲ್ಲಿ ಹಸಿರಾಗಿ ಹೊಳೆಯುತ್ತವೆ; ಗಾಜಿನಲ್ಲಿ ಸ್ವಲ್ಪ ಯುರೇನಿಯಮ್ ಬೆರೆತಿರುವುದೇ ಅದಕ್ಕೆ ಕಾರಣ. ಆದರೆ ಹೊಳಪು ಕಂಡ ಮಾತ್ರಕ್ಕೆ ಗೋಲಿ ಹಳೆಯದೆಂದು ನಿರ್ಣಯಿಸಲಾಗದು, ಏಕೆಂದರೆ ಅಂತಹ ಗಾಜು ಈಚೆಗೂ ತಯಾರಾಗಿದೆ.

ಗೋಲಿಯ ಮೇಲೆ ತಯಾರಕನ ಹೆಸರಿರುವುದು ಅಪರೂಪ. ಹೆಸರಿರುವುದು ಪೆಟ್ಟಿಗೆಯ ಮೇಲೆ. ಹಳೆಯ ಪೆಟ್ಟಿಗೆಯಲ್ಲಿ ಹೊಸ ಗೋಲಿಗಳನ್ನು ತುಂಬುವುದು ಕಷ್ಟವೇನಲ್ಲ. ಓಹಾಯೋದ ಕೇಂಬ್ರಿಜ್ ಊರಿನಲ್ಲಿದ್ದ ಕ್ರಿಸ್ಟೆನ್ಸನ್ ಅಗೇಟ್ ಕಂಪನಿಗೂ ಯಂತ್ರವನ್ನು ರೂಪಿಸಿದ ಕ್ರಿಸ್ಟೆನ್ಸನ್‌ನ ಕಂಪನಿಗೂ ಹೆಸರಿನ ಹೊರತು ಸಂಬಂಧವಿರಲಿಲ್ಲ. ಕಾರ್ಖಾನೆಗಳಿದ್ದ ನೆಲದಲ್ಲಿ ದೊರೆತ ಒಡಕು ಚೂರುಗಳನ್ನು ಹೋಲಿಸಿ ನೋಡಿ ಜಾಣರು ಎಷ್ಟೋ ಸಂಗತಿಗಳನ್ನು ನಿಶ್ಚಯಿಸಿದ್ದಾರೆ. ಆದರೂ ಒಂದೊಂದು ಗೋಲಿಯ ವಿಷಯದಲ್ಲಿ ‘ಇದು ಯಾರದೆಂದು ಹೇಳಲಾರೆ’ ಎನ್ನುವುದೇ ಸರಿಯಾದ ಉತ್ತರ. ತಜ್ಞನ ಪ್ರಾಮಾಣಿಕತೆಗೆ ಇದು ಮೊದಲನೆಯ ಪರೀಕ್ಷೆ. ಇದರಲ್ಲಿ ನಷ್ಟವಾಗುವುದು ಅವನ ಹಮ್ಮಿಗೆ ಮಾತ್ರ.

ಎರಡನೆಯ ಪರೀಕ್ಷೆ ಇದಕ್ಕಿಂತ ಕಠಿಣವಾದುದು. ಗೋಲಿಯ ಬೆಲೆ ಬಹುಮಟ್ಟಿಗೆ ಅದರ ಹೊರಮೈಯನ್ನು ಅವಲಂಬಿಸಿದೆ. ಒಂದು ಸಣ್ಣ ಚಕ್ಕೆ ಎದ್ದಿದ್ದರೆ, ಒಳಗೆ ಅರ್ಧಚಂದ್ರದಂತಹ ಪೆಟ್ಟಿನ ಗುರುತಿದ್ದರೆ ಬೆಲೆ ಕುಸಿಯುತ್ತದೆ. ಅಂತಹ ಗೋಲಿಯನ್ನು ಉಜ್ಜಿ ನಯಗೊಳಿಸಿದರೆ ಗಾಯ ಮಾಯವಾಗುತ್ತದೆ. ಜೊತೆಗೆ ಕುಲುಮೆಯಿಂದ ಪಡೆದು ಬಂದ ಮೂಲ ಚರ್ಮವೂ, ಕತ್ತರಿಯ ಸೂಕ್ಷ್ಮ ಮಡಿಕೆಯೂ ಅಳಿಯುತ್ತವೆ. ಬಲ್ಲವರು ಭೂತಗನ್ನಡಿಯಲ್ಲಿ ನೋಡಿ ಗುರುತಿಸಬಲ್ಲರು. ಹೊಸಬರಿಗೆ ಅದು ಕಾಣದು.

ಉಜ್ಜುವುದು ತಪ್ಪೇ? ಅಲ್ಲ, ತನ್ನ ಗೋಲಿಯನ್ನು ತನ್ನ ಕಣ್ಣಿನ ಸಂತೋಷಕ್ಕಾಗಿ ಉಜ್ಜಿಕೊಳ್ಳುವವನನ್ನು ಯಾರೂ ದೂಷಿಸಬೇಕಾಗಿಲ್ಲ. ಹಾಗೆ ಉಜ್ಜಿದ್ದನ್ನು ಹೇಳದೆ ಮಾರುವುದು ತಪ್ಪು ಎಂಬುದರಲ್ಲಿಯೂ ವಿವಾದವಿಲ್ಲ. ‘ಅವನು ಕೇಳಲಿಲ್ಲ, ನಾನು ಹೇಳಲಿಲ್ಲ’ ಎಂಬ ಸಮಾಧಾನ ಸಲ್ಲದು. ಇನ್ನೊಬ್ಬನ ಅಜ್ಞಾನವೇ ತನ್ನ ಲಾಭದ ಮೂಲವಾದಾಗ ಮೌನವೂ ಸುಳ್ಳೇ. ನಿಜವಾದ ಧರ್ಮಸಂಕಟ ಬೇರೆ ಕಡೆ ಇದೆ. ಒಬ್ಬನು ತಿಳಿಯದೆ, ಪೂರ್ಣ ಬೆಲೆ ತೆತ್ತು ಉಜ್ಜಿದ ಗೋಲಿಯನ್ನು ಕೊಂಡನೆನ್ನೋಣ. ವರ್ಷಗಳ ಮೇಲೆ ಅನುಭವ ಬಲಿತು ಅದರ ಗುಟ್ಟು ಅವನಿಗೆ ತಿಳಿಯಿತು. ಮಾರಿದವನು ಈಗ ಎಲ್ಲಿರುವನೋ ಗೊತ್ತಿಲ್ಲ. ಇತ್ತ ಮನೆಯಲ್ಲಿ ಹಣದ ಅಗತ್ಯ ಬಂದಿದೆ. ನಿಜ ಹೇಳಿದರೆ ಕೊಟ್ಟ ಹಣದ ಅಲ್ಪಭಾಗವೂ ಮರಳದು. ಸುಮ್ಮನಿದ್ದರೆ ಪೂರ್ತಿ ಮರಳುತ್ತದೆ. ‘ಮೋಸ ಮಾಡಿದವನು ನಾನಲ್ಲ, ನಾನೂ ಮೋಸಹೋದವನೇ, ನಾನೊಬ್ಬನೇ ಏಕೆ ಈ ನಷ್ಟವನ್ನು ಹೊರಬೇಕು?’ ಎಂದು ಅವನು ಕೇಳಿದರೆ ಆ ಪ್ರಶ್ನೆ ನ್ಯಾಯಬಾಹಿರವೇನಲ್ಲ.

ಅವನಿಗೆ ಅನ್ಯಾಯವಾದುದು ದಿಟ. ಆದರೆ ಆ ಅನ್ಯಾಯದ ಋಣವನ್ನು ತೀರಿಸಬೇಕಾದವನು ಹಿಂದಿನ ಮಾರಾಟಗಾರನೇ ಹೊರತು ಮುಂದಿನ ಕೊಳ್ಳುವವನಲ್ಲ. ದಾರಿಯಲ್ಲಿ ನಮ್ಮ ಕಾಲಿಗೆ ನೆಟ್ಟ ಮುಳ್ಳನ್ನು ಕಿತ್ತು ಮತ್ತೆ ಅದೇ ದಾರಿಯಲ್ಲಿ ಎಸೆದರೆ ಮುಳ್ಳನ್ನು ಮೊದಲು ಎಸೆದವನಿಗೂ ನಮಗೂ ಏನು ಭೇದ? ಸುಳ್ಳು ಕೈಯಿಂದ ಕೈಗೆ ಸಾಗುತ್ತಲೇ ಇರುತ್ತದೆ. ನಷ್ಟವನ್ನು ತಾನೇ ನುಂಗಲು ಒಪ್ಪುವವನೊಬ್ಬನು ದೊರೆತ ದಿನ ಅದು ನಿಲ್ಲುತ್ತದೆ. ಅಲ್ಲಿಯವರೆಗೆ ಅದನ್ನು ಮುಟ್ಟಿದವರೆಲ್ಲರೂ ‘ಮೊದಲು ಮಾಡಿದವನು ನಾನಲ್ಲ’ ಎನ್ನುತ್ತಲೇ ಇರುತ್ತಾರೆ. ಅರಿವು ಬರುವ ಮೊದಲು ಆತನು ಮೋಸಹೋದವನು. ಅರಿವು ಬಂದ ಮೇಲೆ ಸುಮ್ಮನಿದ್ದು ಮಾರಿದರೆ ಮೋಸ ಮಾಡಿದವನು. ತಿಳಿವಳಿಕೆ ಸುಮ್ಮನೆ ಬರುವುದಿಲ್ಲ, ಹೊಣೆಯನ್ನು ಹೊತ್ತುಕೊಂಡೇ ಬರುತ್ತದೆ.

ಇಲ್ಲಿ ಇನ್ನೊಂದು ಸಂಗತಿ ಚಿಂತನಾರ್ಹವಾಗಿದೆ. ಎಲ್ಲಕ್ಕಿಂತ ಹೆಚ್ಚು ಬೆಲೆ ಬರುವುದು ಯಾವ ಗೋಲಿಗೆ? ಯಾವ ಮಗುವೂ ಆಡದ, ಪೆಟ್ಟಿಗೆಯಿಂದ ಹೊರಗೆ ಬಾರದ ಗೋಲಿಗೆ. ಆಟಕ್ಕೆಂದೇ ಹುಟ್ಟಿ, ಆಟವನ್ನೇ ಕಾಣದಿರುವುದು ಅದರ ಹಿರಿಮೆಯಾಗಿದೆ! ಅಂತಹ ಗೋಲಿಗಳನ್ನು ಕಾಪಾಡುವುದು ವ್ಯರ್ಥವೆಂದಲ್ಲ; ಯಂತ್ರದಿಂದ ಹೊರಬಂದಾಗ ಗೋಲಿ ಹೇಗಿತ್ತೆಂಬುದಕ್ಕೆ ಅವೇ ಸಾಕ್ಷಿ. ಆದರೆ ಚಕ್ಕೆಯೆದ್ದ ಗೋಲಿಯೂ ಸಾಕ್ಷಿಯೇ. ಎಷ್ಟೋ ವರ್ಷಗಳ ಹಿಂದೆ ಯಾವುದೋ ಬೀದಿಯಲ್ಲಿ ಮಗುವೊಂದು ಮೊಣಕಾಲೂರಿ ಗುರಿಯಿಟ್ಟು ಹೊಡೆದು ಗೆದ್ದದ್ದೋ ಸೋತದ್ದೋ ಆ ಗಾಯದಲ್ಲಿದೆ. ಅದು ತನ್ನ ಕೆಲಸವನ್ನು ಮಾಡಿ ಬಂದ ಗೋಲಿ. ಅದರ ಗಾಯವನ್ನು ಉಜ್ಜಿ ಅಳಿಸುವವನು ಬೆಲೆಯನ್ನು ಗಳಿಸಬಹುದು. ಅದರ ಜೀವನಚರಿತ್ರೆಯನ್ನು ಕಳೆಯುತ್ತಾನೆ.

ಮನುಷ್ಯರ ವಿಷಯದಲ್ಲಿಯೂ ನಾವು ಹೀಗೆಯೇ ಎಡವುತ್ತೇವಲ್ಲವೆ? ಯಾವ ಹೊಣೆಯನ್ನೂ ಹೊರದೆ ಕಲೆಯಿಲ್ಲದೆ ಉಳಿದವರನ್ನು ಶುದ್ಧರೆಂದು ಕೊಂಡಾಡುತ್ತೇವೆ. ದುಡಿದು, ತಾಗಿ, ತರಚಿಕೊಂಡವರ ಗಾಯಗಳನ್ನು ಎಣಿಸುತ್ತೇವೆ. ತಾಗಿದವರು ಕೂಡ ತಮ್ಮ ಗಾಯಗಳನ್ನು ಉಜ್ಜಿ ಮರೆಮಾಡಲು ಹವಣಿಸುತ್ತಾರೆ. ಗಾಯವಿದ್ದರೆ ಇರಲಿ, ಇದೆಯೆಂದು ಹೇಳುವ ಧೈರ್ಯವೂ ಇರಲಿ. ಮುಂದಿನ ಸಲ ಮನೆಯ ಮೂಲೆಯಲ್ಲಿ ಹಳೆಯ ಗೋಲಿಯೊಂದು ದೊರೆತರೆ, ಅದನ್ನು ಬೆಳಕಿಗೆ ಹಿಡಿದು ನೋಡಿ, ಪಕ್ಕದಲ್ಲಿ ಮಗುವಿದ್ದರೆ ಅದರ ಕೈಗೆ ಕೊಡಿ.